ನಮ್ಮೂರ ಕೆರೆ ವರ್ಷಕ್ಕೆ ಒಂಬತ್ತು ಸಲ ತುಂಬಬೇಕಂತೆ! ಕ್ಯೂಜಿಐಎಸ್ ಲೆಕ್ಕ ಎಲ್ಲಿ ತಪ್ಪಿತು?

ಮುಳಬಾಗಿಲ್_ಹೈದ, ಜೂನ್ 8

ಎಲ್ಲರಿಗೂ ನಮಸ್ಕಾರ. ಮೊದಲೇ ಹೇಳಿಬಿಡುತ್ತೇನೆ, ನಾನು ಸಿವಿಲ್ ಓದಿದವನಲ್ಲ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ, ಊರು ಮುಳಬಾಗಿಲು ತಾಲ್ಲೂಕು. ಊರ ಕೆರೆ 38 ಎಕರೆ, ಹಳೇ ರಿಜಿಸ್ಟರಿನಲ್ಲಿ ಸಾಮರ್ಥ್ಯ 8 ಎಂಸಿಎಫ್‌ಟಿ (ದಶಲಕ್ಷ ಘನ ಅಡಿ) ಅಂತ ಬರೆದಿದೆ. 2021ರ ನವೆಂಬರಿನಲ್ಲಿ ಜಿಲ್ಲೆಯೆಲ್ಲಾ ಸುರಿದಾಗ ಕೋಡಿ ಬಿತ್ತು, ಊರಿಗೆ ಊರೇ ಹೋಗಿ ಬಾಗಿನ ಕೊಟ್ಟು ಬಂತು. ಸಾಧಾರಣ ವರ್ಷಗಳಲ್ಲಿ ಮಾತ್ರ ಮೊಣಕಾಲುದ್ದ ನೀರು ನಿಂತರೆ ಅದೇ ಜಾಸ್ತಿ. ಈಗ ಹೂಳು ತೆಗೆಸಬೇಕು ಅಂತ ಊರಲ್ಲಿ ಮಾತು ನಡೆದಿದೆ. ಬರುವ ನೀರೇ ಇಲ್ಲದಿದ್ದರೆ ಗುಂಡಿ ಆಳ ಮಾಡಿ ಏನು ಪ್ರಯೋಜನ ಅಂತ ನನ್ನ ತಲೆಗೆ ಹುಳ ಹೊಕ್ಕಿತು.

ಅದಕ್ಕೇ ಕ್ಯೂಜಿಐಎಸ್ ಅನ್ನುವ ನಕ್ಷೆ ಸಾಫ್ಟ್‌ವೇರ್ ಇಳಿಸಿಕೊಂಡು ವಿಡಿಯೋ ನೋಡಿ ನೋಡಿ ಮಾಡಿದೆ. 30 ಮೀಟರ್ ಚೌಕಕ್ಕೊಂದರಂತೆ ನೆಲದ ಎತ್ತರ ಕೊಡುವ ಎಸ್‌ಆರ್‌ಟಿಎಂ ಡೇಟಾ ತಗೊಂಡೆ, ಗುಂಡಿ ಮುಚ್ಚುವ ಫಿಲ್ ಸಿಂಕ್ಸ್ ಓಡಿಸಿದೆ, ಆಮೇಲೆ ನೀರು ಹರಿಯುವ ದಾರಿ ಹುಡುಕುವ ಗ್ರಾಸ್‌ನ ಆರ್.ವಾಟರ್‌ಶೆಡ್, ಕೊನೆಗೆ ಏರಿ ಮೇಲೆ ತೂಬಿನ ಹತ್ತಿರ ಒಂದು ಬಿಂದು ಇಟ್ಟು, ಕೆರೆಗೆ ನೀರು ಹರಿದು ಬರುವ ಜಲಾನಯನ ಪ್ರದೇಶ ಬಿಡಿಸಿದೆ. 3.1 ಚದರ ಕಿಮೀ ಬಂತು. ಮಣ್ಣು, ಭೂಬಳಕೆ ನೋಡಿ ಕರ್ವ್ ನಂಬರ್ (ಬಿದ್ದ ಮಳೆಯಲ್ಲಿ ಎಷ್ಟು ಹರಿಯುತ್ತದೆ ಅಂತ ಹೇಳುವ ಸೂತ್ರಕ್ಕೆ ಬೇಕಾದ ಅಂಕಿ) 75 ಇಟ್ಟೆ. ವರ್ಷದ ಮಳೆ 750 ಮಿಮೀ ಹಾಕಿದರೆ ಹರಿದು ಬರುವ ನೀರು 657 ಮಿಮೀ ಅಂತ ತೋರಿಸಿತು. ಅಂದರೆ 20 ಲಕ್ಷ ಘನ ಮೀಟರ್, 72 ಎಂಸಿಎಫ್‌ಟಿ. ಎಂಟರ ಕೆರೆಗೆ ಎಪ್ಪತ್ತೆರಡು! ಅಮ್ಮನಿಗೆ ಫೋನಲ್ಲಿ ಹೇಳಿದೆ, "ಹಂಗಾದ್ರೆ ಟ್ಯಾಂಕರ್ ನೀರಿಗೆ ಯಾಕೋ ಕಾಯ್ತಾ ಇದೀವಿ" ಅಂದಳು.

ಇನ್ನೊಂದು ವಿಷಯ. ಊರಿನ ಹಿರಿಯರು "ಗುಡ್ಡದ ಆ ಕಡೆ ನೀರೂ ನಮ್ಮ ಕೆರೆಗೇ ಬರ್ತಿತ್ತು" ಅನ್ನುತ್ತಾರೆ. ನನ್ನ ನಕ್ಷೆಯಲ್ಲಿ ಆ ಕಡೆಯ ನೀರು ಬೇರೆ ಹಳ್ಳಕ್ಕೆ ಹೋಗುತ್ತದೆ. ಯಾರು ಸರಿ?

ನಕ್ಷೆಗಿರಾಕಿ, ಜೂನ್ 8

ಗುರು, 657 ನೋಡಿ ಬೆಳಗಿನ ಕಾಫಿ ನೆತ್ತಿಗೇರಿತು. ಬಿದ್ದ ಮಳೆಯಲ್ಲಿ ನೂರಕ್ಕೆ ಎಂಬತ್ತೆಂಟು ಭಾಗ ಹರಿದು ಬಂತು ಅಂದರೆ ನಿಮ್ಮೂರು ಪೂರ್ತಿ ಆರ್‌ಸಿಸಿ ತಾರಸಿ ಆಗಿರಬೇಕು. ನೀವು ವರ್ಷದ ಮಳೆಯನ್ನು ಒಟ್ಟಿಗೆ ಸೂತ್ರಕ್ಕೆ ಹಾಕಿದ್ದೀರಿ. ಆ ಸೂತ್ರ ಒಂದೊಂದು ಮಳೆಗೆ ಮಾಡಿದ್ದು. 750 ಕೊಟ್ಟರೆ ಅದು ಅಷ್ಟೂ ಒಂದೇ ದಿನ ಬಿತ್ತು ಅಂದುಕೊಳ್ಳುತ್ತದೆ, ಪಾಪ ಅದರ ತಪ್ಪೇನಿಲ್ಲ.

ಕೈಯಲ್ಲೇ ಮಾಡಿ ನೋಡಿ. 25400ನ್ನು 75ರಿಂದ ಭಾಗಿಸಿ 254 ಕಳೆದರೆ ಎಸ್, ಅಂದರೆ ನೆಲ ಹಿಡಿದಿಡಬಲ್ಲ ನೀರು, ಸುಮಾರು 85 ಮಿಮೀ. ಅದರಲ್ಲಿ ಐದನೇ ಒಂದು ಭಾಗ, 17 ಮಿಮೀ, ಮೊದಲು ಮಣ್ಣಿಗೆ, ಎಲೆಗೆ, ಗುಳಿಗೆ ಹೋಗುತ್ತದೆ. ಆಮೇಲೆ ಹರಿವು ಶುರು, ಅದೂ ಉಳಿದದ್ದರಲ್ಲಿ ಒಂದು ಪಾಲು ಮಾತ್ರ. ಒಂದೇ ದಿನ 60 ಮಿಮೀ ಬಿದ್ದರೆ ಹರಿವು 14.5 ಮಿಮೀ. 20 ಮಿಮೀ ಬಿದ್ದರೆ? 0.1. ಹೂಂ, ಸೊನ್ನೆ ಪಾಯಿಂಟ್ ಒಂದು. ಇಪ್ಪತ್ತರ ಮಳೆ ಮೂರು ಬಿಡಿ ದಿನ ಬಿದ್ದರೆ ಕೆರೆಗೆ ಏನೂ ಇಲ್ಲ, ಅದೇ ಅರವತ್ತು ಒಂದೇ ಸಂಜೆ ಬಿದ್ದರೆ ಹಳ್ಳ ಹರಿಯುತ್ತದೆ. ರೈತರಿಗೆ ಇದು ಗೊತ್ತಿರುವ ವಿಷಯವೇ, ಅವರು ಅದನ್ನು ಹದ ಮಳೆ, ಬಿರುಸು ಮಳೆ ಅಂತಾರೆ ಅಷ್ಟೆ.

ಹಾಗಾಗಿ ದಿನದ ಮಳೆ ತಗೊಂಡು ದಿನದಿನಕ್ಕೂ ಲೆಕ್ಕ ಮಾಡಿ ಕೂಡಿಸಿ. ನಮ್ಮ ಕೆಂಪು ಮಣ್ಣಿಗೆ ಆ ಐದನೇ ಒಂದು ಭಾಗದ ಬದಲು 0.3 ಎಸ್ ಇಡುವ ರೂಢಿಯಿದೆ. ಆಗ 60 ಮಿಮೀ ಮಳೆಗೆ ಹರಿವು 10ಕ್ಕೆ ಇಳಿಯುತ್ತದೆ. ಎಲ್ಲಾ ಸೇರಿಸಿ ನಿಮ್ಮ 657 ಹತ್ತನೇ ಒಂದು ಭಾಗಕ್ಕೂ ಕೆಳಗೆ ಬರುತ್ತದೆ ನೋಡಿ.

ರೂಲ್‌ಬುಕ್_ರಂಗ, ಜೂನ್ 8

ಅದಿರಲಿ, ಪ್ರೊಜೆಕ್ಷನ್ (ದುಂಡು ಭೂಮಿಯನ್ನು ಚಪ್ಪಟೆ ನಕ್ಷೆಗೆ ಇಳಿಸುವ ವಿಧಾನ) ಯಾವುದು ಇಟ್ಟಿದ್ದೀರಿ? ಎಲ್ಲರೂ ಕರ್ನಾಟಕ ಅಂದರೆ ಯುಟಿಎಂ 43ನೇ ವಲಯ ಅಂತ ಅದರ ಕೋಡ್ 32643 ಹಾಕಿಬಿಡುತ್ತಾರೆ. 43, 44ನೇ ವಲಯಗಳ ಗಡಿಯಾದ 78 ಡಿಗ್ರಿ ರೇಖಾಂಶ ಕೋಲಾರ ಜಿಲ್ಲೆಯ ಮಧ್ಯದಲ್ಲೇ ಹೋಗುತ್ತದೆ. ಮಾಲೂರು 43ರಲ್ಲಿ, ಮುಳಬಾಗಿಲು 44ರಲ್ಲಿ. ತಪ್ಪು ವಲಯದಲ್ಲಿ ವಿಸ್ತೀರ್ಣ ಅಳೆದರೆ ಎಲ್ಲಾ ತಪ್ಪು.

ನಕ್ಷೆಗಿರಾಕಿ, ಜೂನ್ 8

ರಂಗಣ್ಣ ನೀವು ಹೇಳಿದ್ದು ನಿಜ, ಆದರೆ ಎಷ್ಟು ತಪ್ಪು ಅಂತಲೂ ಹೇಳಿ. ಮುಳಬಾಗಿಲನ್ನು 43ರಲ್ಲಿ ಅಳೆದರೆ ವಿಸ್ತೀರ್ಣ ಶೇಕಡಾ 0.25ರಷ್ಟು ಹೆಚ್ಚು ಬರುತ್ತದೆ. ಇಲ್ಲಿ ಹತ್ತು ಪಟ್ಟಿಗೂ ಹೆಚ್ಚು ತಪ್ಪಿದೆ, ಅದನ್ನು ಮೊದಲು ನೋಡೋಣ. ಪ್ರೊಜೆಕ್ಷನ್ನೇ ಇಲ್ಲದೆ ಡಿಗ್ರಿಯಲ್ಲೇ ಇಳಿಜಾರು ಲೆಕ್ಕ ಹಾಕಿದ್ದರೆ ಬಯ್ಯಿರಿ, ನಾನೂ ಜೊತೆಗೆ ಬಯ್ಯುತ್ತೇನೆ.

ನಿವೃತ್ತ_ಇಂಜಿನಿಯರ್, ಜೂನ್ 9

ಹೈದ ಅಂತ ಹೆಸರಿಟ್ಟುಕೊಂಡಿದ್ದೀಯ, ಏಕವಚನದಲ್ಲೇ ಬರೆಯುತ್ತೇನೆ, ಬೇಜಾರು ಮಾಡ್ಕೋಬೇಡಪ್ಪ. ಮೂವತ್ತು ವರ್ಷ ಸಣ್ಣ ನೀರಾವರಿಯಲ್ಲಿ ಕೆರೆ ಏರಿಗಳ ಮೇಲೇ ಕಳೆದವನು ನಾನು. ನಮ್ಮ ಕಾಲದಲ್ಲಿ ಸ್ಟ್ರೇಂಜ್ ಟೇಬಲ್ ಇತ್ತು. ಜಲಾನಯನ ಒಳ್ಳೆಯದು, ಸಾಧಾರಣ, ಕೆಟ್ಟದ್ದು ಅಂತ ಮೂರು ಕಾಲಂ, ಮಳೆ ಇಷ್ಟಾದರೆ ನೀರು ಇಷ್ಟು. ಮುಗಿಯಿತು. ಅದರಲ್ಲೂ ತಪ್ಪಿತ್ತು, ಆದರೆ 72 ಮಾತ್ರ ಬರುತ್ತಿರಲಿಲ್ಲ.

ನನ್ನ ಪ್ರಶ್ನೆ ಬೇರೆ. ನಿಮ್ಮ ಕೆರೆ ಮೇಲೆ ಇನ್ನೊಂದು ಕೆರೆ ಇದೆಯಾ? ಕೋಲಾರದಲ್ಲಿ ಒಂಟಿ ಕೆರೆ ಅಪರೂಪ, ಸರಪಳಿ ಇದ್ದಂತೆ ಒಂದರ ಕೆಳಗೊಂದು ಇರುತ್ತವೆ. 1892ರ ಮದ್ರಾಸ್–ಮೈಸೂರು ಒಪ್ಪಂದದಲ್ಲೇ ನಮ್ಮ ಪಾಲಾರ್ ನದಿಯ ಹೆಸರಿದೆ. ಮೇಲಿನವರು ಕೆರೆ ಕಟ್ಟಿದರೆ ಕೆಳಗಿನವರ ಗತಿ ಏನು ಅನ್ನುವ ಜಗಳ ನಿಮ್ಮ ಸ್ಯಾಟಲೈಟಿಗಿಂತ ಹಳೆಯದು.

ಮೇಲಿನ ಕೆರೆ ಇದ್ದರೆ ಅದರ ಕೋಡಿ ಎಲ್ಲಿದೆ ನೋಡು. ನಿನ್ನ ಕಂಪ್ಯೂಟರ್ ಏನು ಮಾಡಿರುತ್ತದೆ ಗೊತ್ತಾ? ಕೆರೆ ಅಂಗಳ ತಗ್ಗು ಅಲ್ವಾ, ಅದನ್ನು "ತಪ್ಪು ಗುಂಡಿ" ಅಂದುಕೊಂಡು ಮುಚ್ಚುತ್ತದೆ. ಅದೇ ನೀನು ಓಡಿಸಿದ ಫಿಲ್ ಸಿಂಕ್ಸ್. ಅಂಗಳ ಏರಿಯ ಮಟ್ಟಕ್ಕೆ ತುಂಬಿದ ಮೇಲೆ, ಏರಿಯಲ್ಲಿ ಯಾವ ಚೌಕ ಒಂದು ಮೀಟರ್ ತಗ್ಗೋ ಅಲ್ಲಿಂದ ನೀರನ್ನು ಕೆಳಗೆ ಹಾರಿಸುತ್ತದೆ. ಏರಿಯ ಅಗಲ ಐದಾರು ಮೀಟರ್, ನಿನ್ನ ಚೌಕ 30 ಮೀಟರ್. ಏರಿ ಅದಕ್ಕೆ ಸರಿಯಾಗಿ ಕಾಣುವುದೇ ಇಲ್ಲ. ಹಾಗಾಗಿ ನೀರು ನಡು ಏರಿ ಮೇಲಿಂದ, ತೂಬಿನ ಹತ್ತಿರದಿಂದ ನೆಟ್ಟಗೆ ನಿಮ್ಮ ಕೆರೆಗೆ ಇಳಿಯುತ್ತದೆ. ನಿಜದಲ್ಲಿ ನಡು ಏರಿ ಮೇಲೆ ನೀರು ಹೋದರೆ ಅದು ಕೆರೆ ಒಡೆದ ದಿನ. ಕೋಡಿ ಇರುವುದು ಏರಿಯ ಕೊನೆಗೆ, ಬಂಡೆ ಸಿಕ್ಕ ಕಡೆ. ಕೋಡಿ ಬಿದ್ದ ನೀರು ಪಕ್ಕದ ಕಣಿವೆಗೆ ಹೋಗುವುದೂ ಉಂಟು.

ಹೈಡ್ರೋ_ಅಕ್ಕ, ಜೂನ್ 9

ಸಾರ್ ಹೇಳಿದ್ದು ಅಪ್ಪಟ ಸತ್ಯ. ನನ್ನ ಪಿಎಚ್‌ಡಿಯಲ್ಲಿ ಇದೇ ಜಾಗದಲ್ಲಿ ಆರು ತಿಂಗಳು ಹಾಳಾಯಿತು. ಸಾಫ್ಟ್‌ವೇರ್‌ಗಳು ನೈಸರ್ಗಿಕ ಕಣಿವೆಗೆ ಬರೆದವು. ಇಲ್ಲಿ ನೆಲವನ್ನು ನಮ್ಮ ಹಿರಿಯರು ನೂರಾರು ವರ್ಷ ತಿದ್ದಿದ್ದಾರೆ.

ಎತ್ತರದ ಡೇಟಾ ಬಗ್ಗೆಯೂ ಒಂದು ಮಾತು. ಎಸ್‌ಆರ್‌ಟಿಎಂ ಅಂದರೆ 2000ದ ಫೆಬ್ರುವರಿಯಲ್ಲಿ ಎಂಡೆವರ್ ನೌಕೆ 11 ದಿನ ರೇಡಾರ್ ಹಿಡಿದು ಸುತ್ತಿದ ಲೆಕ್ಕ. ಆ ರೇಡಾರ್ ನೆಲಕ್ಕೆ ಪೂರ್ತಿ ಇಳಿಯುವುದಿಲ್ಲ, ದಟ್ಟ ಮರ ಇದ್ದರೆ ಎಲೆ ಮೇಲೇ ನಿಲ್ಲುತ್ತದೆ. ಅವತ್ತು ದಿಬ್ಬದ ಪಕ್ಕ ನೀಲಗಿರಿ ತೋಪು ನಿಂತಿದ್ದರೆ ನಿಮ್ಮ ನಕ್ಷೆಯಲ್ಲಿ ಅದೊಂದು ಗುಡ್ಡ. ಜಲಾನಯನದ ಗಡಿ ಆ ಸುಳ್ಳು ಗುಡ್ಡದ ಮೇಲೆ ಹತ್ತಿಬಿಡುತ್ತದೆ. ಆಮೇಲೆ ತೋಪು ಕಡಿದಿರಬಹುದು, ಗುಡ್ಡ ಮಾತ್ರ ನಿಮ್ಮ ಲ್ಯಾಪ್‌ಟಾಪಿನಲ್ಲಿ ಹಾಗೇ ಇರುತ್ತದೆ. ಇಸ್ರೋದ ಭುವನ್ ತಾಣದಲ್ಲಿ ಕಾರ್ಟೋಡೆಮ್ ಅನ್ನುವ ಎತ್ತರದ ಡೇಟಾ ಸಿಗುತ್ತದೆ, ಯುರೋಪಿನ ಕೋಪರ್ನಿಕಸ್ 30 ಮೀಟರ್ ಡೇಟಾ ಕೂಡ ಉಚಿತ. ಮೂರರಲ್ಲೂ ಗಡಿ ಬಿಡಿಸಿ ಒಂದರ ಮೇಲೊಂದು ಹಾಕಿ. ಮೂರೂ ಒಂದೇ ಕಡೆ ಹೋದ ಜಾಗದಲ್ಲಿ ನೆಮ್ಮದಿಯಾಗಿರಿ. ಎಲ್ಲಿ ಮೂರು ಗೆರೆ ಮೂರು ದಾರಿ ಹಿಡಿಯುತ್ತವೋ ಅಲ್ಲಿಗೆ ಕಾಲಲ್ಲಿ ನಡೆದು ಹೋಗಿ.

ಮಳೆಗೆ ಹವಾಮಾನ ಇಲಾಖೆಯ ಗ್ರಿಡ್ ಡೇಟಾ ತಗೋಬೇಡಿ. ಇತಿಹಾಸಕ್ಕೆ ಅದು ಬಂಗಾರ, 1901ರಿಂದ ಇದೆ. ಆದರೆ ಒಂದು ಚೌಕ ಕಾಲು ಡಿಗ್ರಿ, ಸುಮಾರು 27 ಕಿಮೀ. ಒಂದೂರಲ್ಲಿ 60 ಸುರಿದು ಪಕ್ಕದ ಎರಡೂರಲ್ಲಿ ಒಣಗಿದ್ದರೆ ಚೌಕಕ್ಕೆ 20 ಅಂತ ಬರುತ್ತದೆ. 20ಕ್ಕೆ ಹರಿವು ಎಷ್ಟು ಅಂತ ಮೇಲೆ ನಕ್ಷೆಗಿರಾಕಿ ಹೇಳಿದ್ದಾರಲ್ಲ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲೇ ಇವೆ, ಅದನ್ನು ಕೇಳಿ.

ಕೆರೆಕೋಡಿ_ಶ್ರೀನಿವಾಸಪುರ, ಜೂನ್ 10

ನಾನು ರೈತ, ಮಾಡೆಲ್ ಗೀಡೆಲ್ ಗೊತ್ತಿಲ್ಲ. ಹಿರಿಯರು "ಆ ಕಡೆ ನೀರೂ ಬರ್ತಿತ್ತು" ಅಂದರೆ ಸುಮ್ನೆ ಅನ್ನುವುದಿಲ್ಲ ಅಣ್ಣ. ಗುಡ್ಡದ ಸೊಂಟಕ್ಕೆ ಅಡ್ಡಡ್ಡ ಕಾಲುವೆ ಹೊಡೆದು ಪಕ್ಕದ ಹಳ್ಳದ ನೀರು ತಿರುಗಿಸಿರುತ್ತಾರೆ. ನಮ್ಮಲ್ಲೂ ಇದೆ. ಅಗಲ ಎರಡು ಮೀಟರ್ ಇದ್ದರೆ ಹೆಚ್ಚು, ನಿಮ್ಮ 30 ಮೀಟರ್ ಚೌಕಕ್ಕೆ ಅದು ಎಲ್ಲಿ ಕಾಣಬೇಕು. ಹಳೇ ಗ್ರಾಮ ನಕ್ಷೆ ತೆಗೆಸಿ, ಒಂದು ಜೋಡಿ ಗೆರೆ ಹೊಲಗಳ ನಡುವೆ ಹೋಗಿರುತ್ತದೆ, ಕರಾಬು (ಸಾಗುವಳಿಗೆ ಸೇರದ ಜಾಗ) ಅಂತ ಬರೆದಿರುತ್ತದೆ. ಸರ್ವೆ ನಂಬರ್ ತೋರಿಸುವ ದಿಶಾಂಕ್ ಆ್ಯಪ್ ಹಾಕಿಕೊಂಡು ಅದೇ ಜಾಗದಲ್ಲಿ ನಿಂತರೆ ಯಾರ ಸರ್ವೆ ನಂಬರ್ ಒಳಗೆ ಕಾಲುವೆ ಮಾಯವಾಗಿದೆ ಅಂತ ಗೊತ್ತಾಗುತ್ತದೆ. ಒಬ್ಬರೇ ಹೋಗಬೇಡಿ ಮಾತ್ರ.

ಥೀಸಿಸ್_ತಲೆನೋವು, ಜೂನ್ 10

ಇಷ್ಟೆಲ್ಲ ಯಾಕೆ? ಸ್ವಾಟ್ ಅನ್ನುವ ಜಲಾನಯನ ಮಾಡೆಲ್ ಹಾಕಿ. ಕ್ಯೂಜಿಐಎಸ್ ಒಳಗೇ ಪ್ಲಗಿನ್ ಇದೆ. ಮಣ್ಣು, ಬೆಳೆ, ಅಂತರ್ಜಲ ಎಲ್ಲಾ ಸೇರಿಸಿ ದಿನದಿನದ ಲೆಕ್ಕ ಕೊಡುತ್ತದೆ.

ಹೈಡ್ರೋ_ಅಕ್ಕ, ಜೂನ್ 10

ಕೊಡುತ್ತದೆ, ಬೇಡ ಅಂದವರು ಯಾರು. ಆದರೆ ಹಳ್ಳದಲ್ಲಿ ಹರಿವು ಅಳೆದ ದಾಖಲೆ ಇಲ್ಲದೆ ಸ್ವಾಟ್‌ನ ಹತ್ತಿಪ್ಪತ್ತು ತಿರುಪುಗಳನ್ನು ಯಾವುದಕ್ಕೆ ಹೋಲಿಸಿ ತಿರುಗಿಸುತ್ತೀರಿ? 3 ಚದರ ಕಿಮೀಗೆ ಅದು ಇಲಿ ಹಿಡಿಯಲು ಜೆಸಿಬಿ ತಂದ ಹಾಗೆ. ಕಾವೇರಿ, ಕೃಷ್ಣಾ ಕೊಳ್ಳದಷ್ಟು ದೊಡ್ಡದಕ್ಕೆ, ನದಿ ಮಾಪನ ಕೇಂದ್ರ ಇರುವಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ. ಇಲ್ಲಿ ಒಂದು ಎಕ್ಸೆಲ್ ಹಾಳೆ ಸಾಕು.

ಅಳತೆ ಬೇಕಂದರೆ ಸೆಂಟಿನೆಲ್-2 ಚಿತ್ರ ತಗೊಳ್ಳಿ. 10 ಮೀಟರ್ ಚೌಕ, ಐದು ದಿನಕ್ಕೊಂದು. ಹಸಿರು ಬ್ಯಾಂಡ್ ಮತ್ತು ಇನ್‌ಫ್ರಾರೆಡ್ ಬ್ಯಾಂಡಿನ ವ್ಯತ್ಯಾಸದಿಂದ ನೀರು ಎಷ್ಟು ಹರಡಿದೆ ಅಂತ ಸಿಗುತ್ತದೆ. ಅಂತರಗಂಗೆ ಕಳೆ ಮುಚ್ಚಿದ್ದರೆ ಅದಕ್ಕೆ ಅದು ನೀರಲ್ಲ, ಗದ್ದೆ. ಮೋಡದ ದಿನಗಳಲ್ಲಿ ಏನೂ ಕಾಣುವುದಿಲ್ಲ, ನಮಗೆ ಬೇಕಾದ ದಿನಗಳೂ ಅವೇ ಆಗಿರುತ್ತವೆ, ಏನು ಮಾಡೋಣ.

ಮುಳಬಾಗಿಲ್_ಹೈದ, ಜೂನ್ 24

ತಡವಾಯಿತು, ಕ್ಷಮಿಸಿ. ಎರಡು ಭಾನುವಾರ ಊರಿಗೆ ಹೋಗಿದ್ದೆ. ಸ್ವಲ್ಪ ಉದ್ದ ಬರೆಯುತ್ತೇನೆ.

ನಮ್ಮೂರಲ್ಲಿ ನೀರುಗಂಟಿ (ಕೆರೆ ನೀರನ್ನು ಗದ್ದೆಗಳಿಗೆ ಹಂಚುವ) ಕೆಲಸ ಮಾಡುತ್ತಿದ್ದ ಮನೆಯ ಒಬ್ಬ ತಾತ ಇದ್ದಾರೆ, ಎಂಬತ್ತರ ಹತ್ತಿರ. ಅವರನ್ನು ಬೈಕಿನ ಹಿಂದೆ ಕೂರಿಸಿಕೊಂಡು ಮೊದಲು ಮೇಲಿನ ಕೆರೆಗೆ ಹೋದೆ. ನನ್ನ ನಕ್ಷೆಯಲ್ಲಿ ನೀರು ನಡು ಏರಿ ದಾಟುವ ಜಾಗದಲ್ಲಿ ಬೈಕ್ ನಿಲ್ಲಿಸಿ "ಇಲ್ಲಿಂದ ನಮ್ಮ ಕೆರೆಗೆ ನೀರು ಬರುತ್ತಂತೆ ತಾತ" ಅಂದೆ. ಅವರು ನನ್ನ ಮುಖ ನೋಡಿದರು, ಏನೂ ಅನ್ನಲಿಲ್ಲ. ಏರಿಯ ಉತ್ತರದ ಕೊನೆಗೆ ಕರಕೊಂಡು ಹೋದರು. ಅಲ್ಲಿ ಬಂಡೆ ಕಡಿದು ಮಾಡಿದ ಕೋಡಿ ಇದೆ. ಅದರ ಕೆಳಗಿನ ಹಳ್ಳ ನಮ್ಮ ಕಡೆ ತಿರುಗುವುದೇ ಇಲ್ಲ, ಪಕ್ಕದೂರಿಗೆ ಹೋಗುತ್ತದೆ. ಅಂದರೆ ನನ್ನ 3.1ರಲ್ಲಿ ಮೇಲಿನ ಕೆರೆಯ ಪಾಲು 1.3 ನಮ್ಮದಲ್ಲ. ಉಳಿದದ್ದು 1.8.

ಆಮೇಲೆ ಗುಡ್ಡದ ಕಾಲುವೆ. ಕೆರೆಕೋಡಿಯವರೇ, ನೀವು ಹೇಳಿದ ಹಾಗೇ ಇದೆ! ಗ್ರಾಮ ನಕ್ಷೆಯನ್ನು ಸ್ಕ್ಯಾನ್ ಮಾಡಿ ನಾಲ್ಕು ಗಡಿಕಲ್ಲು ಹಿಡಿದು ಕ್ಯೂಜಿಐಎಸ್‌ನಲ್ಲಿ ಕೂರಿಸಿದೆ. ಆ ಜೋಡಿ ಗೆರೆಯನ್ನು ಫೋನಿಗೆ ಕ್ಯೂಫೀಲ್ಡ್ ಆ್ಯಪ್‌ನಲ್ಲಿ ಹಾಕಿಕೊಂಡು ನಡೆದೆವು. ಮೊದಲ ಅರ್ಧ ಕಿಲೋಮೀಟರ್ ಲಂಟಾನ, ಕಾಲುವೆ ಇದೆ ಅಂತ ಕಾಲಿಗೆ ಮಾತ್ರ ಗೊತ್ತಾಗುತ್ತದೆ. ಒಂದು ಕಡೆ ಮಾವಿನ ತೋಟದೊಳಗೆ ಹೋಗಿ ಮುಚ್ಚಿದೆ, ಮತ್ತೆ ಆ ಕಡೆ ಹುಟ್ಟುತ್ತದೆ. ಕೊನೆಗೆ ಟಾರು ರಸ್ತೆ. ರಸ್ತೆ ಅಗಲ ಮಾಡುವಾಗ ಹೊಸ ಮೋರಿ ಕಟ್ಟಿದ್ದಾರೆ. ನೋಡಲು ಚೆನ್ನಾಗಿದೆ, ಪೈಪೂ ದೊಡ್ಡದು. ಆದರೆ ಮೋರಿಯ ತಳ ಕಾಲುವೆಯ ತಳಕ್ಕಿಂತ ಮೇಲಿದೆ ಅಂತ ತಾತನಿಗೆ ಅನುಮಾನ. ಫೋನ್ ಜಿಪಿಎಸ್ ಎತ್ತರ ನೋಡಿದೆ, ಒಂದೇ ಜಾಗದಲ್ಲಿ ನಿಂತರೂ ಐದು ಮೀಟರ್ ಮೇಲೆ ಕೆಳಗೆ ಕುಣಿಯುತ್ತಿತ್ತು. ಅಷ್ಟರಲ್ಲಿ ಪಕ್ಕದಲ್ಲಿ ಮನೆ ಕಟ್ಟುತ್ತಿದ್ದ ಗಾರೆಯವರು ತಮ್ಮ ಟ್ಯೂಬ್ ಲೆವೆಲ್ ಕೊಟ್ಟರು. ಪಾರದರ್ಶಕ ಪೈಪಿಗೆ ನೀರು ತುಂಬಿ ಒಂದು ತುದಿ ಮೋರಿ ತಳಕ್ಕೆ, ಇನ್ನೊಂದು ತುದಿ ಕಾಲುವೆ ತಳದಲ್ಲಿ ನಿಲ್ಲಿಸಿದ ಕೋಲಿಗೆ ಹಿಡಿದೆವು. 45 ಸೆಂಟಿಮೀಟರ್. ಅಷ್ಟು ನೀರು ಏರಿದರೆ ಮಾತ್ರ ಮೋರಿ ಒಳಗೆ ಹೋಗುತ್ತದೆ. ಅಷ್ಟು ಏರುವ ಮೊದಲೇ ಮೇಲಿನ ಒಡ್ಡು ಒಡೆದುಕೊಂಡು ಹಳೇ ಹಳ್ಳಕ್ಕೆ ಹೋಗಿಬಿಡುತ್ತದೆ.

ಆ ಕಾಲುವೆಯ ಹಿಂದಿನ ಪ್ರದೇಶ 2.2 ಚದರ ಕಿಮೀ. ಅಂದರೆ ನಕ್ಷೆಯಲ್ಲಿ ಬಂದಿದ್ದು 3.1, ಈಗ ನಿಜವಾಗಿ ಇರುವುದು 1.8, ಕಾಲುವೆ ಸರಿಯಿದ್ದರೆ ಇರಬೇಕಾದದ್ದು 4. ಮೂರು ಅನ್ನುವುದು ಎಷ್ಟು ನಂಬುವ ಹಾಗಿತ್ತು ನೋಡಿ. ಎರಡು ಕಡೆ ತಪ್ಪಿ ನಡುವೆ ಬಂದು ಕೂತಿತ್ತು.

ದಿನದ ಮಳೆ ಹಾಕಿ ಮತ್ತೆ ಲೆಕ್ಕ ಮಾಡಿದೆ. ಸಾಧಾರಣ ವರ್ಷಕ್ಕೆ ಹರಿವು 45 ಮಿಮೀ ಆಸುಪಾಸು. 1.8ಕ್ಕೆ ಅದು 2.9 ಎಂಸಿಎಫ್‌ಟಿ. ಎಂಟರ ಕೆರೆಗೆ ಮೂರೂ ಇಲ್ಲ. ಕಾಲುವೆ ಸೇರಿದರೆ 6.4. 72 ಎಲ್ಲಿ, ಈ 2.9 ಎಲ್ಲಿ.

ಒಂದು ವಿಷಯದಲ್ಲಿ ಮಾತ್ರ ಹಿರಿಯರ ಮಾತು ಹೊಂದಲಿಲ್ಲ. "ನಮ್ಮ ಕಾಲದಲ್ಲಿ ಪ್ರತಿ ವರ್ಷ ಕೋಡಿ ಬೀಳ್ತಿತ್ತು" ಅಂತಾರೆ. ಹಳೇ ಲ್ಯಾಂಡ್‌ಸ್ಯಾಟ್ ಚಿತ್ರ ತೊಂಬತ್ತರ ದಶಕದಿಂದ ಒಂದೊಂದಾಗಿ ತೆರೆದು ನೋಡಿದೆ. ಕೆರೆ ಪೂರ್ತಿ ತುಂಬಿದ್ದು ನನಗೆ ಕಂಡಿದ್ದು ಆರೇ ಸಲ. ತಾತನಿಗೆ ತೋರಿಸಿದೆ. "ಅದು ಆಮೇಲಿನದು, ನಾನು ಹೇಳಿದ್ದು ಅದಕ್ಕೂ ಮೊದಲು" ಅಂದರು. ಅದಕ್ಕೆ ನನ್ನ ಹತ್ತಿರ ಸ್ಯಾಟಲೈಟ್ ಇಲ್ಲ.

ನಿವೃತ್ತ_ಇಂಜಿನಿಯರ್, ಜೂನ್ 24

ಭೇಷ್. ಟ್ಯೂಬ್ ಲೆವೆಲ್ ಹಿಡಿದಿದ್ದು ಓದಿ ಖುಷಿಯಾಯಿತು, ಸಾವಿರಾರು ರೂಪಾಯಿ ಯಂತ್ರ ಮಾಡದ ಕೆಲಸ ಅದು.

ತಾತನ ಮಾತಿಗೆ ಇನ್ನೊಂದು ಕಾರಣ ಇರಬಹುದು. ಮೇಲಿನ ಕೆರೆಯ ಕೋಡಿ ನಿಮ್ಮ ಕಡೆ ಬಾರದಿದ್ದರೂ ಅದರ ತೂಬಿನ ನೀರು ಬರುತ್ತಿತ್ತಲ್ಲ. ಅಚ್ಚುಕಟ್ಟಿನಲ್ಲಿ, ಅಂದರೆ ಆ ಕೆರೆ ನೀರುಣ್ಣುವ ಜಮೀನಿನಲ್ಲಿ, ಭತ್ತ ಇದ್ದಾಗ ಗದ್ದೆಯಿಂದ ಗದ್ದೆಗೆ ಬಸಿದ ನೀರು ಕೊನೆಗೆ ಕೆಳಗಿನ ಕೆರೆಗೇ ಇಳಿಯಬೇಕು. ಈಗ ಆ ಗದ್ದೆಗಳಲ್ಲಿ ಏನಿದೆ?

ಮುಳಬಾಗಿಲ್_ಹೈದ, ಜೂನ್ 24

ಟೊಮೆಟೊ, ಸಾರ್. ಎಲ್ಲಾ ಬೋರ್‌ವೆಲ್, ಎಲ್ಲಾ ಡ್ರಿಪ್. ಬಸಿಯುವ ಮಾತೇ ಇಲ್ಲ.

ಥೀಸಿಸ್_ತಲೆನೋವು, ಜೂನ್ 25

ಬೋರ್‌ವೆಲ್ ಅಂದಿದ್ದಕ್ಕೆ ಕೇಳುತ್ತೇನೆ. ಅಂತರ್ಜಲ ಮರುಪೂರಣ ಎಲ್ಲಿ ಚೆನ್ನಾಗಿ ಆಗುತ್ತದೆ ಅಂತಲೂ ಜಿಐಎಸ್‌ನಲ್ಲಿ ನಕ್ಷೆ ಮಾಡಬಹುದಲ್ವಾ? ಇಳಿಜಾರು, ಮಣ್ಣು, ಶಿಲೆ, ಬಿರುಕು ರೇಖೆ, ಹಳ್ಳದ ಸಾಂದ್ರತೆ, ಒಂದೊಂದಕ್ಕೂ ತೂಕ ಕೊಟ್ಟು ಕೂಡಿಸಿದರೆ ಆಯಿತು.

ಹೈಡ್ರೋ_ಅಕ್ಕ, ಜೂನ್ 25

ಮಾಡಬಹುದು, ಎಲ್ಲರೂ ಮಾಡುತ್ತಾರೆ, ಕೆಂಪು ಹಳದಿ ಹಸಿರು ಚೆನ್ನಾಗಿಯೇ ಕಾಣುತ್ತದೆ. ನನ್ನ ತಕರಾರು ಆ ತೂಕಗಳ ಮೇಲೆ. ಇಳಿಜಾರಿಗೆ 25, ಮಣ್ಣಿಗೆ 20 ಅಂತ ಯಾರು ಕೊಟ್ಟರು? ನಾವೇ ಮೇಜಿನ ಮೇಲೆ ಕೂತು ಕೊಟ್ಟಿದ್ದು. ಮಣ್ಣಿನ ನಕ್ಷೆ 1:250,000 ಅಳತೆಯದು, ಅದರಲ್ಲಿ ನಿಮ್ಮೂರು ಪೂರ್ತಿ ಒಂದೇ ಬಣ್ಣ. ಕೋಲಾರದ ಗಟ್ಟಿ ಶಿಲೆಯಲ್ಲಿ ನೀರು ಇರುವುದು ಬಿರುಕಿನಲ್ಲಿ, ಎರಡು ಬೋರ್ ನಡುವೆ ನೂರಡಿ ಅಂತರದಲ್ಲಿ ಒಂದಕ್ಕೆ ನೀರು, ಒಂದಕ್ಕೆ ಧೂಳು. ಜಿಲ್ಲೆಯ ಎಲ್ಲಾ ತಾಲ್ಲೂಕುಗಳೂ ಅಂತರ್ಜಲ ಅತಿಬಳಕೆಯ ಪಟ್ಟಿಯಲ್ಲಿವೆ. ಹಸಿರು ಬಣ್ಣ ನೋಡಿ ಯಾರಾದರೂ ಸಾಲ ಮಾಡಿ ಬೋರ್ ಕೊರೆಸಿದರೆ ನನಗೆ ನಿದ್ದೆ ಬರುವುದಿಲ್ಲ. ಬೋರ್ ಮಟ್ಟ ಅಳೆದು ಹೋಲಿಸಿದ ನಕ್ಷೆ ಆದರೆ ತನ್ನಿ, ಕೂತು ನೋಡೋಣ.

ಕೋಲಾರ_ಕೆಂಪಿ, ಜೂನ್ 26

ನಾನು ಕೋಲಾರ ತಾಲ್ಲೂಕಿನವಳು, ಒಂದು ಎಚ್ಚರಿಕೆ ಹೇಳಬೇಕಿತ್ತು. ಸ್ಯಾಟಲೈಟ್ ನೋಡಿ ಮಾಡೆಲ್ ಹೊಂದಿಸುವಾಗ ಕೆಸಿ ವ್ಯಾಲಿ ಯೋಜನೆ ನೆನಪಿರಲಿ. 2018ರಿಂದ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ನಮ್ಮ ಕೆರೆಗಳಿಗೆ ಬರುತ್ತಿದೆ. ನಾನೂ ನನ್ನ ಗೆಳತಿಯೂ ಪ್ರಾಜೆಕ್ಟಿಗೆ ನಮ್ಮ ಕೆರೆಯ ಹರವು ತಗೊಂಡು ಮಳೆ ಜೊತೆ ಹೊಂದಿಸಲು ಹೋದೆವು. ಏಪ್ರಿಲ್‌ನಲ್ಲಿ, ಹನಿ ಮಳೆ ಇಲ್ಲ, ಕೆರೆ ತುಂಬುತ್ತಿದೆ! ಕರ್ವ್ ನಂಬರ್ 98ಕ್ಕೆ ಏರಿಸಿದರೂ ಹೊಂದಲಿಲ್ಲ. ಎರಡು ವಾರ ಕೋಡ್ ತಪ್ಪಿರಬೇಕು ಅಂತ ಹುಡುಕಿದೆವು. ಗೆಳತಿಯ ಅಪ್ಪ ಕೇಳಿ, "ಪೈಪಲ್ಲಿ ಬರೋ ನೀರಿಗೆ ಮಳೆ ಯಾಕಮ್ಮ" ಅಂದರು. ಆ ನೀರು ಒಳ್ಳೆಯದೋ ಕೆಟ್ಟದ್ದೋ ಅನ್ನುವ ಜಗಳ ಇಲ್ಲಿ ಬೇಡ. ನಿಮ್ಮ ಕೆರೆ ಆ ಸಾಲಿನಲ್ಲಿದ್ದರೆ 2018ಕ್ಕಿಂತ ಹಿಂದಿನ ಚಿತ್ರಗಳನ್ನಷ್ಟೇ ಹೋಲಿಕೆಗೆ ಇಟ್ಟುಕೊಳ್ಳಿ.

ಮುಳಬಾಗಿಲ್_ಹೈದ, ಜೂನ್ 26

ನಮ್ಮ ಕೆರೆಗೆ ಪೈಪ್ ಬಂದಿಲ್ಲ ಅಕ್ಕ, ಬಂದಿದ್ದರೆ ನಾನು ಇಷ್ಟು ಓದುತ್ತಿರಲಿಲ್ಲ.

ಮುಳಬಾಗಿಲ್_ಹೈದ, ಅಕ್ಟೋಬರ್ 19

ಹಳೇ ಚರ್ಚೆ ಮೇಲೆ ತರುತ್ತಿದ್ದೇನೆ, ಸುದ್ದಿ ಇದೆ. ಜುಲೈನಲ್ಲಿ ತೂಬಿನ ಕಲ್ಲುಕಂಬಕ್ಕೆ ಬಿಳಿ ಬಣ್ಣ ಹೊಡೆದು ಹತ್ತು ಸೆಂಟಿಮೀಟರಿಗೊಂದು ಕಪ್ಪು ಗೆರೆ ಎಳೆದಿದ್ದೆವು. ಬೇಸಿಗೆಯಲ್ಲಿ ಅಂಗಳ ಒಣಗಿದ್ದಾಗಲೇ ಬಾಡಿಗೆಗೆ ಲೆವೆಲ್ ಯಂತ್ರ ತಂದು ಒಬ್ಬ ಗೆಳೆಯ ಅಳೆದುಕೊಟ್ಟಿದ್ದ, ಹಾಗಾಗಿ ಯಾವ ಗೆರೆಗೆ ನೀರು ಎಷ್ಟು ಅಂತ ಪಟ್ಟಿ ಇದೆ. ಪ್ರತಿ ಮಳೆ ಆದಮೇಲೆ ತಾತನ ಮೊಮ್ಮಗಳು ಫೋಟೋ ತೆಗೆದು ಕಳಿಸುತ್ತಾಳೆ, ಒಂಬತ್ತನೇ ಕ್ಲಾಸು.

ಕಳೆದ ವಾರ ಒಂದೇ ರಾತ್ರಿ 72 ಮಿಮೀ ಬಿತ್ತು. ಲೆಕ್ಕ ಹೀಗೆ: ಕರ್ವ್ ನಂಬರನ್ನು 72ಕ್ಕೆ ಇಳಿಸಿದ್ದೇನೆ, 0.3 ಎಸ್ ಇಟ್ಟಿದ್ದೇನೆ, ಹರಿವು 12.7 ಮಿಮೀ, 1.8 ಚದರ ಕಿಮೀಗೆ ಹತ್ತಿರ ಹತ್ತಿರ 23,000 ಘನ ಮೀಟರ್. ಕಂಬದ ಗೆರೆ ಪ್ರಕಾರ ಬಂದಿದ್ದು 14,000. ಒಂಬತ್ತು ಸಾವಿರ ಎಲ್ಲಿ ಹೋಯಿತು?

ಕೆರೆಕೋಡಿ_ಶ್ರೀನಿವಾಸಪುರ, ಅಕ್ಟೋಬರ್ 19

ಕೃಷಿ ಹೊಂಡ ಎಣಿಸಿದಿರಾ?

ಮುಳಬಾಗಿಲ್_ಹೈದ, ಅಕ್ಟೋಬರ್ 20

ಅಣ್ಣ, ರಾತ್ರಿ ಕೂತು ಗೂಗಲ್ ಅರ್ತ್‌ನಲ್ಲಿ ಎಣಿಸಿದೆ. ಆ 1.8 ಚದರ ಕಿಮೀ ಒಳಗೆ 38 ಹೊಂಡ. 2014ಕ್ಕಿಂತ ಹಿಂದಿನ ಚಿತ್ರದಲ್ಲಿ ನಾಲ್ಕೇ ಇದ್ದವು. ಸರ್ಕಾರದ ಕೃಷಿ ಭಾಗ್ಯ ಯೋಜನೆ ಬಂದ ಮೇಲೆ ಆಗಿದ್ದು. 21 ಮೀಟರ್ ಚೌಕ, 3 ಮೀಟರ್ ಆಳದ ಹೊಂಡ ಅಂದರೆ ಬದಿಯ ಇಳಿಜಾರು ಕಳೆದು ಹೆಚ್ಚುಕಡಿಮೆ ಸಾವಿರ ಘನ ಮೀಟರ್ ಹಿಡಿಯುತ್ತದೆ. ಬಹಳಷ್ಟು ಅದಕ್ಕಿಂತ ಚಿಕ್ಕವು, ಕೆಲವಕ್ಕೆ ಬೋರ್ ನೀರು ತುಂಬಿಟ್ಟಿದ್ದರು. ಹಾಗೆ ನೋಡಿದರೂ ಒಂಬತ್ತು ಸಾವಿರ ಅಲ್ಲೇ ನಿಂತಿದೆ ಅನ್ನಿಸುತ್ತದೆ. 30 ಮೀಟರ್ ಚೌಕಕ್ಕೆ ಅದೂ ಕಾಣುವುದಿಲ್ಲ. ಅವುಗಳಲ್ಲಿ ಒಂದು ನಮ್ಮ ಚಿಕ್ಕಪ್ಪನದು, ಯಾರನ್ನು ದೂರಲಿ.

ನಿವೃತ್ತ_ಇಂಜಿನಿಯರ್, ಅಕ್ಟೋಬರ್ 20

ಯಾರನ್ನೂ ದೂರಬೇಡ. ಹೊಂಡ ಒಂದು ಸಲ ತುಂಬಿದ ಮೇಲೆ ಹೊರಗೆ ಹರಿಯುತ್ತದೆ. ಲೆಕ್ಕದ ಹಾಳೆಯಲ್ಲಿ ಹೊಂಡಗಳಿಗೆ ಒಂದು ಕಾಲಂ ಸೇರಿಸು, ತುಂಬಿದ್ದೆಷ್ಟು, ಖಾಲಿ ಎಷ್ಟು ಅಂತ. ಮೊದಲ ಮಳೆ ಅವಕ್ಕೆ, ಎರಡನೆಯದು ಕೆರೆಗೆ. ಈಗ ಹಿಂಗಾರಿನಲ್ಲಿ ಇನ್ನೊಂದು ದೊಡ್ಡ ಮಳೆ ಬಂದರೆ ವ್ಯತ್ಯಾಸ ಕಡಿಮೆ ಆಗಬೇಕು. ಆಗದಿದ್ದರೆ ಬೇರೆ ಕಡೆ ಹುಡುಕೋಣ. ಮೋರಿ ಏನಾಯಿತು?

ಮುಳಬಾಗಿಲ್_ಹೈದ, ಅಕ್ಟೋಬರ್ 20

ಅರ್ಜಿ ಕೊಟ್ಟು ಮೂರು ತಿಂಗಳಾಯಿತು ಸಾರ್. ಮೋರಿ ತೆಗೆದು ಕಟ್ಟುವುದು ಆಗಲ್ಲ ಅಂದರು. ಈಗ ನಾವೇ ಯೋಚಿಸುತ್ತಿರುವುದು, ಮೋರಿಯ ಮೇಲ್ಭಾಗದಲ್ಲಿ ಕಾಲುವೆಯ ಒಡ್ಡನ್ನು ಎರಡು ಅಡಿ ಏರಿಸಿದರೆ ನೀರು 45 ಸೆಂಟಿಮೀಟರ್ ಏರಿ ಮೋರಿಯೊಳಗೆ ತಾನೇ ಹೋಗುತ್ತದಾ ಅಂತ. ಹಿಂದಕ್ಕೆ ನಿಂತ ನೀರು ಯಾರ ಹೊಲಕ್ಕೆ ನುಗ್ಗುತ್ತದೆ ಅನ್ನುವುದನ್ನು ನೋಡಬೇಕು, ಅದಕ್ಕೆ 30 ಮೀಟರ್ ಡೇಟಾ ಸಾಲದು. ಟ್ಯೂಬ್ ಲೆವೆಲ್‌ನಲ್ಲೇ ಇನ್ನೂರು ಮೀಟರ್ ಹಿಂದಕ್ಕೆ ಅಳೆಯುತ್ತಾ ಹೋಗುತ್ತೇವೆ, ಬರುವ ಭಾನುವಾರ.

ಕೆರೆಕೋಡಿ_ಶ್ರೀನಿವಾಸಪುರ, ಅಕ್ಟೋಬರ್ 20

ಬೆಳಿಗ್ಗೆ ಏಳಕ್ಕೆ ಶುರು ಮಾಡಿ, ಬಿಸಿಲೇರಿದರೆ ಪೈಪಿನೊಳಗೆ ಗಾಳಿ ಗುಳ್ಳೆ ಬರುತ್ತದೆ, ಲೆವೆಲ್ ತಪ್ಪುತ್ತದೆ. ನಾನೂ ಬರುತ್ತೇನೆ, ಲೊಕೇಶನ್ ಕಳಿಸಿ.